ಉಪ್ಪಿನ ಋಣ, ಕತ್ತಿಯ ಸನ್ನದು

ಇಂದಿನ ಇರಾನ್ ಮತ್ತು ಅಫ್ಘಾನಿಸ್ತಾನಗಳ ಗಡಿರೇಖೆ ಹಾದುಹೋಗುವ ಮರಳುಗಾಡಿನ ನಡುವೆ ಸೀಸ್ತಾನ್ ಎಂಬ ತಗ್ಗುನಾಡಿದೆ. ಹಿಂದೂಕುಶದ ಹಿಮ ಕರಗಿ ಹುಟ್ಟುವ ಹೆಲ್ಮಂದ್ ನದಿಯು ಯಾವ ಕಡಲನ್ನೂ ಸೇರದೆ ಅಲ್ಲಿಯ ಜವುಗು ಸರೋವರಗಳಲ್ಲಿ ಇಂಗಿಹೋಗುತ್ತದೆ. ಬೇಸಗೆ ಬಂತೆಂದರೆ ಸುಮಾರು 120 ದಿನಗಳ ಕಾಲ ಒಂದೇ ಸಮನೆ ಗಾಳಿ ಬೀಸುತ್ತದೆ. ಆ ಗಾಳಿಯಿಂದಲೇ ಬೀಸುಕಲ್ಲು ತಿರುಗಿಸಿ ಹಿಟ್ಟು ಮಾಡಿಕೊಳ್ಳುವುದನ್ನು ಅಲ್ಲಿಯ ಜನ ಬಹು ಹಿಂದೆಯೇ ಕಲಿತಿದ್ದರು. ಬಿಟ್ಟರೆ ಊರನ್ನೇ ನುಂಗುವ ಮರಳು ಒಂದು ಕಡೆ, ಬಿಗಿದರೆ ಅನ್ನ ಕೊಡುವ ಗಾಳಿ ಇನ್ನೊಂದು ಕಡೆ. ಪಾರಸಿಕರ ಪುರಾಣವೀರ ರುಸ್ತುಮನ ತವರೂ ಇದೇ ನಾಡು. ಇಲ್ಲಿಯ ಕರ್ನೀನ್ ಎಂಬ ಸಣ್ಣ ಊರಿನಲ್ಲಿ ರುಸ್ತುಮನ ಕುದುರೆಯ ಲಾಯದ ಗುರುತುಗಳಿವೆಯೆಂದು ಅರಬ್ ಭೂಗೋಳಜ್ಞರು ಬರೆದಿಟ್ಟಿದ್ದಾರೆ. ಆ ಊರಿನಲ್ಲಿ 9ನೆಯ ಶತಮಾನದ ಮೊದಲರ್ಧದಲ್ಲಿ ಲೈಸ್ ಎಂಬವನ ಮನೆಯಲ್ಲಿ ಒಬ್ಬ ಹುಡುಗ ಹುಟ್ಟಿದ. ಅವನೇ ಯಾಕೂಬ್. ಚರಿತ್ರೆ ಅವನನ್ನು ಸಫ್ಫಾರ್, ಅಂದರೆ ಕಂಚುಗಾರ, ಎಂದು ಕರೆಯಿತು. ಆದರೆ ಕಂಚುಗಾರಿಕೆಗೂ ಸಿಂಹಾಸನಕ್ಕೂ ನಡುವೆ ಅವನು ತುಳಿದ ಹಾದಿ ಕಳ್ಳತನದ್ದು.

ಲೈಸನಿಗೆ ನಾಲ್ವರು ಗಂಡುಮಕ್ಕಳು: ಯಾಕೂಬ್, ಅಮ್ರ್, ತಾಹಿರ್, ಅಲಿ. ಯಾಕೂಬ್ ಹುಡುಗನಾಗಿದ್ದಾಗಲೇ ಪಟ್ಟಣ ಸೇರಿ ತಾಮ್ರ, ಕಂಚಿನ ಪಾತ್ರೆ ಬಡಿಯುವ ಕೆಲಸ ಕಲಿತ. ತಿಂಗಳಿಗೆ 15 ದಿರ್ಹಮ್ ಕೂಲಿ. 11ನೆಯ ಶತಮಾನದಲ್ಲಿ ಘಜ್ನಿಯ ಇತಿಹಾಸಕಾರ ಗರ್ದೇಜಿ ಅವನ ಏಳಿಗೆಯನ್ನು ಮೆಟ್ಟಿಲು ಮೆಟ್ಟಿಲಾಗಿ ವಿವರಿಸುತ್ತಾನೆ: ಕಂಚುಗಾರಿಕೆಯಿಂದ ಅಯ್ಯಾರತನ, ಅಲ್ಲಿಂದ ಕಳ್ಳತನ ಮತ್ತು ದಾರಿಗಳ್ಳತನ, ಅಲ್ಲಿಂದ ದಳಪತಿತನ, ಕಡೆಗೆ ಅಮೀರನ ಪದವಿ. ಗಳಿಸಿದ್ದನ್ನು ಕೂಡಿಡದೆ ಜೊತೆಗಾರರೊಡನೆ ಹಂಚಿಕೊಂಡು ಉಣ್ಣುತ್ತಿದ್ದುದರಿಂದ ಯಾವ ಕೆಲಸದಲ್ಲಿದ್ದರೂ ಅವನ ಸುತ್ತ ಜನ ಸೇರುತ್ತಿದ್ದರಂತೆ.

ಅಯ್ಯಾರ ಎಂಬ ಮಾತಿಗೆ ಕನ್ನಡದಲ್ಲಿ ಸರಿಸಮನಾದ ಒಂದೇ ಪದ ಹುಡುಕುವುದು ಕಷ್ಟ. ಬಾಗ್ದಾದಿನಿಂದ ಖೊರಾಸಾನದವರೆಗಿನ ಪಟ್ಟಣಗಳ ಬೀದಿಗಳಲ್ಲಿ ಕೂಲಿಕಾರರು, ಕುಶಲಕರ್ಮಿಗಳು ಮತ್ತು ನೆಲೆಯಿಲ್ಲದ ಯುವಕರು ಕಟ್ಟಿಕೊಂಡ ತಂಡಗಳಿಗೆ ಈ ಹೆಸರಿತ್ತು. ಅಧಿಕಾರ ಗಟ್ಟಿಯಾಗಿದ್ದಾಗ ಅವರನ್ನು ಪುಂಡರೆಂದು ಹಿಡಿದು ಹೊಡೆಯುತ್ತಿದ್ದರು. ಅಧಿಕಾರ ಕುಸಿದಾಗ ಅದೇ ಪುಂಡರು ಊರಿನ ಕಾವಲುಗಾರರಾಗುತ್ತಿದ್ದರು. ಸಿರಿವಂತರ ಅಂಗಡಿಗೆ ಕನ್ನ ಕೊರೆಯುವವರೂ ಅವರೇ, ಶತ್ರು ಬಂದಾಗ ಕೋಟೆಯ ಬಾಗಿಲಲ್ಲಿ ನಿಲ್ಲುವವರೂ ಅವರೇ. ಕೊಟ್ಟ ಮಾತು ತಪ್ಪಬಾರದು, ಜೊತೆಗಾರನನ್ನು ಹಿಡಿದುಕೊಡಬಾರದು, ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಕಟ್ಟುಪಾಡು ಅವರದು. ಮುಂದೆ ಈ ಪದ ಪಾರಸಿ ದಾಸ್ತಾನುಗಳ ಬೆನ್ನೇರಿ ಭಾರತಕ್ಕೆ ಬಂದು ಉರ್ದು, ಹಿಂದಿ ಕಥನಗಳಲ್ಲಿ ವೇಷ ಮರೆಸುವ ಜಾಣ ಗೂಢಚಾರನ ಹೆಸರಾಗಿ ಉಳಿಯಿತು.

ಯಾಕೂಬನ ಕಳ್ಳತನದ ದಿನಗಳ ಬಗ್ಗೆ ಒಂದು ಕತೆ ಬಾಯಿಂದ ಬಾಯಿಗೆ ದಾಟಿ ಚರಿತ್ರೆಯ ಪುಸ್ತಕಗಳನ್ನು ಸೇರಿದೆ. ಕೆಲವರು ಇದನ್ನು ಅವನ ತಂದೆ ಲೈಸನ ಮೇಲೆ ಹೇಳುವುದುಂಟು. ಸೀಸ್ತಾನದ ಒಡೆಯನಾಗಿದ್ದ ದಿರ್ಹಮ್ ಬಿನ್ ನಸ್ರ್ ಎಂಬವನ ಖಜಾನೆಗೆ ಒಂದು ರಾತ್ರಿ ಕನ್ನ ಬಿತ್ತು. ಕಳ್ಳ ಒಳಹೊಕ್ಕು ಚಿನ್ನ, ಬೆಳ್ಳಿ, ರತ್ನಗಳನ್ನೆಲ್ಲ ಗಂಟು ಕಟ್ಟಿದ. ಹೊರಡುವ ಹೊತ್ತಿಗೆ ಮೂಲೆಯಲ್ಲಿ ಬಿಳಿಯ ಹರಳೊಂದು ಮಿನುಗಿತು. ಬೆಲೆಬಾಳುವ ಕಲ್ಲಿರಬೇಕೆಂದು ಕತ್ತಲಲ್ಲಿ ನಾಲಗೆಗೆ ಮುಟ್ಟಿಸಿ ನೋಡಿದ. ಅದು ಉಪ್ಪು. ಉಪ್ಪು ನಾಲಗೆಗೆ ತಾಗಿದೊಡನೆ ಅವನು ಆ ಮನೆಯ ಉಪ್ಪುಂಡವನಾದ. ಕಟ್ಟಿದ ಗಂಟನ್ನು ಹಾಗೆಯೇ ಇಳಿಸಿ, ಬಂದ ಬಿಲದಲ್ಲೇ ಬರಿಗೈಯಲ್ಲಿ ಹೊರಟುಹೋದ. ಬೆಳಗ್ಗೆ ಗೋಡೆಯ ಕನ್ನವನ್ನೂ ಕಟ್ಟಿಟ್ಟ ಗಂಟನ್ನೂ ಕಂಡು ಬೆರಗಾದ ಒಡೆಯ, ಕಳ್ಳನು ಮುಂದೆ ಬಂದರೆ ಕ್ಷಮಿಸುವುದಾಗಿ ಡಂಗುರ ಸಾರಿಸಿದ. ಯಾಕೂಬ್ ಬಂದು ನಿಂತ. ಉಪ್ಪಿನ ಸಂಗತಿಯನ್ನು ಹೇಳಿದ. ಅಂದಿನಿಂದ ಒಡೆಯನ ಸೇವೆಯಲ್ಲಿ ನೆಲೆಯಾದ.

ಕತೆ ಎಷ್ಟು ನಿಜವೋ ಹೇಗೋ, ಜನ ಅದನ್ನು ನೆನಪಿಟ್ಟುಕೊಂಡ ಬಗೆ ಮುಖ್ಯ. ಉಪ್ಪಿನ ಋಣ ಎಂಬ ಮಾತು ಕನ್ನಡಿಗರಿಗೆ ವಿವರಿಸಿ ಹೇಳಬೇಕಾದದ್ದಲ್ಲ. ಪಾರಸಿಯಲ್ಲಿಯೂ ಅದು ಅಷ್ಟೇ ಆಳವಾದ ಮಾತು. ಉಪ್ಪಿಗೆ ದ್ರೋಹ ಬಗೆದವನಿಗೆ ಆ ಭಾಷೆಯಲ್ಲಿ ನಮಕ್ ಹರಾಮ್ ಎಂಬ ಹೆಸರು. ಅನ್ಯರ ಸಂಪತ್ತನ್ನು ಕದಿಯಲು ಹಿಂಜರಿಯದವನು ಒಂದು ಹರಳು ಉಪ್ಪಿಗೆ ಕಟ್ಟುಬಿದ್ದ ಎಂಬಲ್ಲಿ ಅಯ್ಯಾರನ ನೀತಿಯ ತಿರುಳಿದೆ. ಆದರೆ ಚರಿತ್ರೆಯು ಈ ಕತೆಯನ್ನು ಇಲ್ಲಿಗೇ ನಿಲ್ಲಿಸಲು ಬಿಡುವುದಿಲ್ಲ.

ಆಗ ಸೀಸ್ತಾನ್ ಹೆಸರಿಗೆ ಅಬ್ಬಾಸೀ ಖಲೀಫರದು. ಅವರ ಪರವಾಗಿ ಖೊರಾಸಾನವನ್ನು ಆಳುತ್ತಿದ್ದ ತಾಹಿರೀ ಮನೆತನದ ಕೈಕೆಳಗಿನ ಅಧಿಕಾರಿಗಳು ಝರಂಜ್ ಪಟ್ಟಣದಲ್ಲಿ ಕುಳಿತು ತೆರಿಗೆ ಎತ್ತುತ್ತಿದ್ದರು. ಹಳ್ಳಿಗಳು ಮಾತ್ರ ಖವಾರಿಜ್ ಎಂಬ ಬಂಡಾಯ ಪಂಥದವರ ಹಿಡಿತದಲ್ಲಿದ್ದವು. ತೆರಿಗೆಗೆ ಪಟ್ಟಣದವರು, ಸುಲಿಗೆಗೆ ಬಂಡಾಯಗಾರರು. ನಡುವೆ ನುಚ್ಚಾದವರು ರೈತರು. ಪಟ್ಟಣಗಳನ್ನು ಕಾಯಲು ಸ್ಥಳೀಯರೇ ಪಡೆ ಕಟ್ಟಿಕೊಂಡರು. ಅಂಥ ಪಡೆಯೊಂದರ ನಾಯಕ ಸಾಲಿಹ್ ಬಿನ್ ನಸ್ರ್ ಬುಸ್ತ್ ಪಟ್ಟಣವನ್ನೂ 854ರಲ್ಲಿ ಝರಂಜನ್ನೂ ವಶಪಡಿಸಿಕೊಂಡ. ಯಾಕೂಬ್ ತನ್ನ ತಮ್ಮಂದಿರೊಡನೆ ಈ ಪಡೆಯಲ್ಲಿದ್ದ. ಸಾಲಿಹ್ ಬುಸ್ತ್‌ನವನು. ಸೀಸ್ತಾನದ ಹಣ ಅವನ ತವರಿಗೆ ಹರಿದುಹೋಗುತ್ತಿದೆಯೆಂದು ಝರಂಜಿನ ಅಯ್ಯಾರರು ಕೆರಳಿದಾಗ ಅವನು ಅಧಿಕಾರ ಕಳೆದುಕೊಂಡ. ಅವನ ಜಾಗಕ್ಕೆ ದಿರ್ಹಮ್ ಬಿನ್ ನಸ್ರ್ ಬಂದ. ಯಾಕೂಬ್ ಅವನ ಸೇನಾನಿಯಾದ. ಸೇನಾನಿಯ ಹೆಸರು ಬೆಳೆದಷ್ಟೂ ಒಡೆಯನ ಅಂಜಿಕೆ ಬೆಳೆಯಿತು. ದಿರ್ಹಮ್ ಅವನನ್ನು ತೊಲಗಿಸುವ ಹೂಟ ಹೂಡಿದನೆಂದು ಸೀಸ್ತಾನದ ಚರಿತ್ರೆ ಹೇಳುತ್ತದೆ. 861ರಲ್ಲಿ ಯಾಕೂಬನೇ ದಿರ್ಹಮನನ್ನು ಕೆಳಗಿಳಿಸಿ ಅಮೀರನಾದ.

ಉಪ್ಪಿನ ಕತೆಯಲ್ಲಿ ಬರುವ ಒಡೆಯನೂ ಈ ದಿರ್ಹಮನೇ. ಕತ್ತಲೆಯಲ್ಲಿ ಒಂದು ಹರಳಿಗೆ ಋಣಿಯಾದವನು ಹಗಲಿನಲ್ಲಿ ಆ ಋಣವನ್ನು ದಾಟಿ ಹೋದ. ಒಡೆಯನೇ ಮೊದಲು ದ್ರೋಹ ಬಗೆದರೆ ಆಳಿನ ಋಣ ಹರಿಯುತ್ತದೆಯೆಂದು ಒಬ್ಬರು ವಾದಿಸಬಹುದು. ಅಧಿಕಾರದ ರುಚಿ ಉಪ್ಪಿನ ರುಚಿಯನ್ನು ಮರೆಸಿತೆಂದು ಇನ್ನೊಬ್ಬರು ಹೇಳಬಹುದು. ಯಾಕೂಬನ ಮುಂದಿನ ಬದುಕೆಲ್ಲ ಈ ಎರಡು ಮಾತುಗಳ ನಡುವೆಯೇ ನಡೆಯಿತು.

ಅಮೀರನಾದ ಮೇಲೆ ಅವನು ಮಾಡಿದ ಮೊದಲ ದೊಡ್ಡ ಕೆಲಸ ಸೀಸ್ತಾನದ ದಾರಿಗಳನ್ನು ಕಳ್ಳರಿಂದ ಬಿಡಿಸಿದ್ದು. ಕಳ್ಳರ ಜಾಡು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? 865ರಲ್ಲಿ ಖವಾರಿಜರ ನಾಯಕ ಅಮ್ಮಾರನನ್ನು ಸೋಲಿಸಿ ಕೊಂದ. ಆದರೆ ಅವನ ಹಿಂಬಾಲಕರನ್ನೆಲ್ಲ ಅಳಿಸಿಹಾಕಲು ಹೋಗಲಿಲ್ಲ; ಬಂದವರಿಗೆ ಸಂಬಳ ಕೊಟ್ಟು ತನ್ನ ಸೇನೆಯಲ್ಲೇ ಬೇರೆ ದಳವಾಗಿ ಸೇರಿಸಿಕೊಂಡ. ಅದೇ ವರ್ಷ ಪೂರ್ವದ ಬೆಟ್ಟನಾಡಿನ ಅರಸ ಝುನ್ಬೀಲನೊಡನೆ ಕೂಡಿಕೊಂಡಿದ್ದ ಹಳೆಯ ನಾಯಕ ಸಾಲಿಹನನ್ನೂ ಎದುರಿಸಿದ. ಝುನ್ಬೀಲ್ ರಣರಂಗದಲ್ಲಿ ಬಿದ್ದ. ಸಾಲಿಹ್ ಸೆರೆಯಲ್ಲಿ ಸತ್ತ. ಒಂದು ಕಾಲಕ್ಕೆ ಅನ್ನ ಕೊಟ್ಟ ಇಬ್ಬರು ನಾಯಕರಲ್ಲಿ ಒಬ್ಬನ ಪೀಠವನ್ನು, ಇನ್ನೊಬ್ಬನ ಬಿಡುಗಡೆಯನ್ನು ಯಾಕೂಬ್ ಕಸಿದುಕೊಂಡಂತಾಯಿತು. 867ರಲ್ಲಿ ಹೆರಾತ್ ವಶವಾಯಿತು. ಮುಂದೆ ಕಾಬೂಲಿನವರೆಗೂ ದಂಡು ನಡೆಯಿತು. ಅಲ್ಲಿಂದ ತಂದ ಚಿನ್ನ ಬೆಳ್ಳಿಯ ವಿಗ್ರಹಗಳು 871ರಲ್ಲಿ ಖಲೀಫನಿಗೆ ಕಾಣಿಕೆಯಾಗಿ ಹೋದವು.

ಇದೇ ದಿನಗಳಲ್ಲಿ ನಡೆದ ಒಂದು ಪ್ರಸಂಗ ಸಾಹಿತ್ಯದ ವಿದ್ಯಾರ್ಥಿಗಳಿಗೆ ಯುದ್ಧಗಳಿಗಿಂತ ಹೆಚ್ಚಿನದು. ಗೆದ್ದು ಬಂದ ಅಮೀರನನ್ನು ಕವಿಗಳು ಅಂದಿನ ರೂಢಿಯಂತೆ ಅರಬ್ಬೀ ಭಾಷೆಯಲ್ಲಿ ಹಾಡಿ ಹೊಗಳಿದರು. ಎರಡು ಶತಮಾನಗಳಿಂದ ಪಾರಸಿಕ ನಾಡಿನ ಆಸ್ಥಾನ, ಕಚೇರಿ, ಕಾವ್ಯಗಳಿಗೆಲ್ಲ ಅರಬ್ಬೀಯೇ ಭಾಷೆ. ಪಾರಸಿ ಮನೆಯೊಳಗಿನ, ಸಂತೆಯೊಳಗಿನ ಮಾತು. ಕಂಚುಗಾರನ ಮಗನಿಗೆ ಅರಬ್ಬೀ ಬರುತ್ತಿರಲಿಲ್ಲ. ಇತರ ಅರಸರಾಗಿದ್ದರೆ ಅರ್ಥವಾದವರಂತೆ ತಲೆದೂಗುತ್ತಿದ್ದರೇನೋ. ಯಾಕೂಬ್ ಹಾಗೆ ಮಾಡಲಿಲ್ಲ. ತನಗೆ ತಿಳಿಯದ ಮಾತನ್ನು ತನ್ನೆದುರು ಏಕೆ ಆಡಬೇಕೆಂದು ಕೇಳಿದ. ಆಗ ಅವನ ಕಾರ್ಯದರ್ಶಿಯಾಗಿದ್ದ ಮುಹಮ್ಮದ್ ಬಿನ್ ವಸೀಫ್ ಪಾರಸಿಯಲ್ಲಿ ಪ್ರಶಸ್ತಿಕಾವ್ಯ ರಚಿಸಿದ. ಯಾರು ಬರೆದರೆಂದು ತಿಳಿಯದ ಸೀಸ್ತಾನದ ಚರಿತ್ರೆಯು ಇದನ್ನೇ ಹೊಸ ಪಾರಸಿ ಕಾವ್ಯದ ಮೊದಲೆಂದು ಹೇಳುತ್ತದೆ. ಮೊದಲು ಯಾವುದು ಎಂಬ ಬಗ್ಗೆ ವಿದ್ವಾಂಸರಲ್ಲಿ ಬೇರೆ ಅಭಿಪ್ರಾಯಗಳಿದ್ದರೂ, ಆಸ್ಥಾನದ ಬಾಗಿಲು ಜನರ ಮಾತಿಗೆ ತೆರೆದ ಗಳಿಗೆಗಳಲ್ಲಿ ಇದೂ ಒಂದು ಎಂಬುದರಲ್ಲಿ ಸಂದೇಹವಿಲ್ಲ. ಮುಂದಿನ ಒಂದೂವರೆ ಶತಮಾನದೊಳಗೆ ಅದೇ ಪಾರಸಿಯಲ್ಲಿ ರೂದಕಿಯೂ ಫಿರ್ದೌಸಿಯೂ ಬಂದರು. ಸೀಸ್ತಾನದ ರುಸ್ತುಮ ಶಾಹನಾಮೆಯ ನಾಯಕನಾಗಿ ನಿಂತ.

ಕಾಲದ ಹೊಂದಿಕೆಯೊಂದನ್ನು ಇಲ್ಲಿ ಗಮನಿಸಬೇಕು. ಯಾಕೂಬ್ ಅಮೀರನಾಗಿದ್ದ ವರ್ಷಗಳಲ್ಲೇ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಅವನ ಆಸ್ಥಾನದಲ್ಲಿ, ಶ್ರೀವಿಜಯನ ಕೈಯಲ್ಲಿ, ಕವಿರಾಜಮಾರ್ಗ ರೂಪುಗೊಂಡಿತು. ಸಂಸ್ಕೃತದ ನೆರಳಿನಲ್ಲಿದ್ದ ಕನ್ನಡ ತನ್ನ ನಾಡಿನ ಎಲ್ಲೆಯನ್ನೂ ತನ್ನ ಕಾವ್ಯದ ಮಾರ್ಗವನ್ನೂ ಗುರುತಿಸಿಕೊಂಡ ಕಾಲ ಅದು. ಈ ಎರಡು ನಾಡುಗಳು ಒಂದಕ್ಕೊಂದು ಅಪರಿಚಿತವಾಗಿರಲಿಲ್ಲ. ಫಾರ್ಸ್ ಪ್ರಾಂತದ ಸೀರಾಫ್ ಬಂದರಿನಿಂದ ಹೊರಟ ಹಡಗುಗಳು ಪಶ್ಚಿಮ ಕರಾವಳಿಗೆ ಬರುತ್ತಿದ್ದವು. 851ರ ಅರಬ್ಬೀ ಪ್ರವಾಸಬರಹವೊಂದು ರಾಷ್ಟ್ರಕೂಟ ದೊರೆಯನ್ನು ಬಲ್ಹರಾ ಎಂಬ ಹೆಸರಿನಿಂದ ಭಾರತದ ಅರಸರಲ್ಲೆಲ್ಲ ಹಿರಿಯನೆಂದು ಕರೆದಿದೆ. ನೃಪತುಂಗ ಪಂಡಿತರ ನಡುವೆ ಬೆಳೆದ ದೊರೆ. ಯಾಕೂಬ್ ಅಕ್ಷರಕ್ಕಿಂತ ಸುತ್ತಿಗೆಯನ್ನೇ ಹೆಚ್ಚು ಬಲ್ಲವನು. ದಾರಿಗಳು ಬೇರೆ, ಆದರೆ ನಾಡಮಾತಿಗೆ ಆಸ್ಥಾನದಲ್ಲಿ ಎಡೆ ದೊರೆತದ್ದು ಎರಡೂ ಕಡೆ ಒಂದೇ ಶತಮಾನದಲ್ಲಿ.

ಯುದ್ಧದಲ್ಲಿ ಯಾಕೂಬ್ ಕಳ್ಳನ ಉಪಾಯಗಳನ್ನು ಬಿಟ್ಟಿರಲಿಲ್ಲ. 869ರಲ್ಲಿ ಕಿರ್ಮಾನದಲ್ಲಿ ತೌಕ್ ಎಂಬ ಸೇನಾನಿ ಅವನಿಗೆ ಎದುರಾದ. ಯಾಕೂಬ್ ಹೆದರಿ ಹಿಂದೆ ಸರಿದವನಂತೆ ಎರಡು ಪಯಣದಷ್ಟು ದೂರ ಹೋದ. ಗೆದ್ದೆನೆಂದು ಬಗೆದ ತೌಕ್ ಮದ್ಯಗೋಷ್ಠಿಯಲ್ಲಿ ಕುಳಿತ. ಯಾಕೂಬ್ ಎರಡು ದಿನದ ದಾರಿಯನ್ನು ಒಂದೇ ದಿನದಲ್ಲಿ ಹಿಂತಿರುಗಿ ಬಂದು ಮುತ್ತಿದ. ಸೆರೆಸಿಕ್ಕ ಶಿಬಿರದಲ್ಲಿ ಎರಡು ಬಗೆಯ ಪೆಟ್ಟಿಗೆಗಳಿದ್ದವು: ಒಂದರಲ್ಲಿ ಹಿಡಿದವರಿಗೆ ತೊಡಿಸಲು ತಂದ ಬೇಡಿಗಳು, ಇನ್ನೊಂದರಲ್ಲಿ ಗೆದ್ದ ವೀರರಿಗೆ ಕೊಡಲು ತಂದ ಕಂಠಿ, ಕಡಗಗಳು. ಯಾಕೂಬ್ ಬೇಡಿಗಳನ್ನು ತೌಕನ ಕಡೆಯವರಿಗೆ ತೊಡಿಸಿ, ಕಡಗಗಳನ್ನು ತನ್ನವರಿಗೆ ಹಂಚಿದ. ಬಳಿಕ ತನ್ನ ಪಾದರಕ್ಷೆಯನ್ನು ಕಳಚಿ ಕೊಡವಿದ. ಅದರೊಳಗಿಂದ ಒಣರೊಟ್ಟಿಯ ಚೂರುಗಳು ಉದುರಿದವು. ಎರಡು ತಿಂಗಳಿಂದ ಅದನ್ನು ಕಾಲಿಂದ ಕಳಚಿರಲಿಲ್ಲ. ಅದರಲ್ಲಿಟ್ಟುಕೊಂಡ ರೊಟ್ಟಿಯೇ ಅವನ ಊಟವಾಗಿತ್ತು. ಮುಂದೆ ಶೀರಾಜ್ ನಗರದ ಬಳಿ ನದಿಯ ಆಚೆ ದಡದಲ್ಲಿ ಶತ್ರು ನಿಶ್ಚಿಂತೆಯಿಂದಿದ್ದಾಗ, ಒಂದು ನಾಯಿಯನ್ನು ನೀರಿಗೆ ಎಸೆಸಿ ಅದು ಈಜಿ ಹೋದ ದಾರಿಯನ್ನು ಹಿಡಿದು ಕುದುರೆಗಳನ್ನು ಇಳಿಸಿದ. ಫಾರ್ಸ್ ಅವನ ಕೈಸೇರಿತು.

ಬಾಗ್ದಾದಿನ ಇತಿಹಾಸಕಾರ ಮಸೂದಿ ಈ ಅರಸನ ಶಿಬಿರವನ್ನು ಬೆರಗಿನಿಂದ ಚಿತ್ರಿಸುತ್ತಾನೆ. ಕೂರಲು ಒಂದು ಒರಟು ಚಾಪೆ, ಒರಗಲು ಗುರಾಣಿ, ಮಲಗುವಾಗ ತಲೆದಿಂಬಿಗೆ ಸುತ್ತಿಟ್ಟ ಬಾವುಟ. ಆಲೋಚನೆ ಒಬ್ಬನೇ ಮಾಡುತ್ತಿದ್ದ. ಮನಸ್ಸಿನಲ್ಲಿರುವುದನ್ನು ಯಾರಿಗೂ ತಿಳಿಯಗೊಡುತ್ತಿರಲಿಲ್ಲ. ಕುದುರೆಗಳಿಗೆ ಮೇವು ನಿಲ್ಲಿಸಬೇಕೆಂಬ ಅಪ್ಪಣೆ ಬಂದೊಡನೆ ಸೈನಿಕನೊಬ್ಬ ಕುದುರೆಯ ಬಾಯಲ್ಲಿದ್ದ ಹುಲ್ಲನ್ನೇ ಕಿತ್ತುಕೊಂಡನಂತೆ. ಬೀದಿಯ ತಂಡದ ಕಟ್ಟುಪಾಡು ಸೇನೆಯ ಶಿಸ್ತಾಗಿ ಮಾರ್ಪಟ್ಟಿತ್ತು. ಆದರೆ ಅವನ ದಂಡು ಹೋದಲ್ಲೆಲ್ಲ ಹಣಕ್ಕಾಗಿ ಹಿಂಡಿದ್ದೂ ನಿಜ. ಸೆರೆಸಿಕ್ಕ ಅಧಿಕಾರಿಗಳನ್ನು ಪೀಡಿಸಿ ಖಜಾನೆಯ ಗುಟ್ಟು ಬಾಯಿಬಿಡಿಸಿದ ಪ್ರಸಂಗಗಳನ್ನು ಚರಿತ್ರಕಾರರು ಮುಚ್ಚಿಟ್ಟಿಲ್ಲ. ಕಳ್ಳ ದೊಡ್ಡವನಾದಾಗ ಕಳವೂ ದೊಡ್ಡದಾಯಿತೆಂದು ಸೋತ ಊರಿನವರು ಹೇಳಿದ್ದರೆ ಅದು ಅನ್ಯಾಯದ ಮಾತಲ್ಲ.

873ರಲ್ಲಿ ಯಾಕೂಬ್ ತಾಹಿರೀಗಳ ರಾಜಧಾನಿ ನಿಶಾಪುರವನ್ನು ಹಿಡಿದು ಅವರ ಕೊನೆಯ ಅಮೀರ ಮುಹಮ್ಮದ್ ಬಿನ್ ತಾಹಿರನನ್ನು ಸೆರೆಗೆ ತಳ್ಳಿದ. ಖಲೀಫನ ಸನ್ನದು ಇಲ್ಲದವನು ನಾಡನ್ನು ಆಳುವುದು ಹೇಗೆ ಎಂದು ಊರಿನ ಹಿರಿಯರು ಗೊಣಗಿದರು. ಯಾಕೂಬ್ ಅವರನ್ನೆಲ್ಲ ಕರೆಸಿ, ಸನ್ನದನ್ನು ತರಲು ಆಜ್ಞಾಪಿಸಿದ. ಸೇವಕ ಬಟ್ಟೆಯಲ್ಲಿ ಸುತ್ತಿದ ವಸ್ತುವೊಂದನ್ನು ತಂದು ಬಿಚ್ಚಿದ. ಒಳಗಿದ್ದದ್ದು ಹಿರಿದ ಕತ್ತಿ. ಹಿರಿಯರು ನಡುಗಿದರು. ಅವರ ಜೀವಕ್ಕೆ ಕೈಯಿಡುವುದು ತನ್ನ ಉದ್ದೇಶವಲ್ಲವೆಂದು ಯಾಕೂಬ್ ತಿಳಿಸಿದ. ಖಲೀಫನನ್ನು ಬಾಗ್ದಾದಿನಲ್ಲಿ ಕೂರಿಸಿದ್ದು ಇಂಥದೇ ಕತ್ತಿ, ತನ್ನ ಸನ್ನದೂ ಅದೇ ಎಂಬುದು ಅವನ ವಾದ. ಅಧಿಕಾರದ ಮೂಲ ಯಾವುದು ಎಂಬ ಪ್ರಶ್ನೆಗೆ ಪಂಡಿತರು ಗ್ರಂಥಗಳನ್ನು ಬರೆದ ಕಾಲದಲ್ಲಿ ಕಂಚುಗಾರ ಕೊಟ್ಟ ಉತ್ತರ ಇಷ್ಟೇ. ಆ ಉತ್ತರದಲ್ಲಿ ಕಪಟವಿರಲಿಲ್ಲ, ಕರುಣೆಯೂ ಇರಲಿಲ್ಲ.

ಅಲ್ಲಿಂದ ಮುಂದಕ್ಕೆ ಅದೃಷ್ಟ ಇಳಿಮುಖವಾಯಿತು. 874ರಲ್ಲಿ ಕ್ಯಾಸ್ಪಿಯನ್ ಕಡಲಿನ ದಡದ ತಬರಿಸ್ತಾನಕ್ಕೆ ನುಗ್ಗಿದ ದಂಡು ಬಿಡದೆ ಸುರಿದ ಮಳೆಗೂ ಕೆಸರಿಗೂ ಸಿಕ್ಕಿ ನಲುಗಿತು. ಮರಳಿನ ಮಕ್ಕಳಿಗೆ ಮಳೆಯ ಕಾಡು ಶತ್ರುವಾಯಿತು. ಖಲೀಫನ ಆಸ್ಥಾನ ಅವನನ್ನು ಬಹಿರಂಗವಾಗಿ ಖಂಡಿಸಿತು. ಅವನು ಇರಾಕಿನತ್ತ ನಡೆದಾಗ ಮಾತ್ರ ಖೊರಾಸಾನ, ಫಾರ್ಸ್ ಮೊದಲಾದ ಪ್ರಾಂತಗಳ ಅಧಿಕಾರವನ್ನು ಕೊಡಮಾಡಿ ಸಮಾಧಾನಪಡಿಸಲು ನೋಡಿತು. ಕೈಯಲ್ಲಿ ಆಗಲೇ ಇದ್ದುದನ್ನು ದಾನವಾಗಿ ಪಡೆಯಲು ಯಾಕೂಬ್ ಒಪ್ಪಲಿಲ್ಲ. 876ರ ಏಪ್ರಿಲ್ 8ರಂದು, ಬಾಗ್ದಾದಿನ ಆಗ್ನೇಯಕ್ಕೆ ಟೈಗ್ರಿಸ್ ನದಿಯ ದಡದ ದೈರುಲ್ ಆಕೂಲ್ ಎಂಬಲ್ಲಿ ಎರಡು ಸೇನೆಗಳು ಎದುರಾದವು. ಖಲೀಫ ಮುಅತಮಿದ್ ಸ್ವತಃ ರಣರಂಗದಲ್ಲಿದ್ದ. ಸೇನೆಯನ್ನು ನಡೆಸಿದವನು ಅವನ ತಮ್ಮ ಮುವಫ್ಫಕ್. ಧರ್ಮದ ಒಡೆಯನ ಮೇಲೆಯೇ ಕತ್ತಿ ಎತ್ತುವುದಕ್ಕೆ ಯಾಕೂಬನ ಕಡೆಯವರಲ್ಲಿ ಕೆಲವರ ಮನಸ್ಸು ಅಳುಕಿತು. ಕತ್ತಿಯೊಂದೇ ಸನ್ನದು ಎಂದು ನಂಬಿದವನಿಗೆ, ಕತ್ತಿ ಹಿಡಿದ ಕೈಗಳೊಳಗೂ ಬೇರೊಂದು ಋಣವಿರುತ್ತದೆಯೆಂದು ಆ ದಿನ ತಿಳಿಯಿತು. ಗಂಟಲಿಗೂ ಕೈಗಳಿಗೂ ಬಾಣ ತಾಗಿದರೂ ಅವನು ನಿಂತು ಹೋರಾಡಿದ; ಕಡೆಗೆ ಹಿಂದೆ ಸರಿಯಲೇಬೇಕಾಯಿತು. ಸೆರೆಯಲ್ಲಿದ್ದ ಮುಹಮ್ಮದ್ ಬಿನ್ ತಾಹಿರ್ ಬಿಡುಗಡೆ ಹೊಂದಿದ.

ಸೋತವನಿಗೆ ಒಂದು ಆಸರೆ ಕೈಚಾಚಿತ್ತು. ದಕ್ಷಿಣ ಇರಾಕಿನ ಜವುಗುನೆಲದಲ್ಲಿ ಉಪ್ಪುಮಣ್ಣು ಕೆರೆಯಲು ದುಡಿಸಲ್ಪಟ್ಟ ಆಫ್ರಿಕದ ಗುಲಾಮರು 869ರಿಂದ ದಂಗೆಯೆದ್ದಿದ್ದರು. ಅವರ ನಾಯಕ ಖಲೀಫನ ವಿರುದ್ಧ ಕೂಡಿ ಹೋರಾಡೋಣವೆಂದು ಬರೆದ. ಯಾಕೂಬ್ ಧರ್ಮದ ಕಾರಣ ಮುಂದೊಡ್ಡಿ ಅದನ್ನು ನಿರಾಕರಿಸಿದ. ಕೂಲಿಯಾಗಿ ಬದುಕು ಆರಂಭಿಸಿದವನು ಕೂಲಿಗಿಂತ ಕೀಳಾಗಿ ದುಡಿದವರ ಕೈ ಹಿಡಿಯಲಿಲ್ಲ. ಇಬ್ಬರೂ ಒಂದಾಗಿದ್ದರೆ ಅಬ್ಬಾಸೀ ಅಧಿಕಾರ ಉಳಿಯುವುದು ಕಷ್ಟವಿತ್ತು.

ಮೂರು ವರ್ಷಗಳ ಬಳಿಕ ಜುಂದಿಶಾಪುರದಲ್ಲಿ ಅವನು ಹೊಟ್ಟೆಶೂಲೆಯಿಂದ ಹಾಸಿಗೆ ಹಿಡಿದ. ಆಸ್ಪತ್ರೆಗೂ ವೈದ್ಯರಿಗೂ ಆ ಕಾಲದಲ್ಲೇ ಹೆಸರಾದ ಊರು ಅದು. ವೈದ್ಯರು ಬಸ್ತಿಚಿಕಿತ್ಸೆಯೊಂದೇ ದಾರಿಯೆಂದರು. ಅವನು ಅದಕ್ಕಿಂತ ಸಾವೇ ಲೇಸೆಂದು ಒಪ್ಪಲಿಲ್ಲ. ಆ ಹೊತ್ತಿಗೆ ಖಲೀಫನ ದೂತ ಸಂಧಾನಕ್ಕೆ ಬಂದನೆಂದು ಚರಿತ್ರಕಾರರು ಹೇಳುತ್ತಾರೆ. ಯಾಕೂಬ್ ತನ್ನ ಮುಂದೆ ಒಂದು ಕತ್ತಿ, ಒಂದು ಒಣರೊಟ್ಟಿ, ಒಂದು ಈರುಳ್ಳಿ ಇರಿಸಿಕೊಂಡು ಅವನನ್ನು ಬರಮಾಡಿಕೊಂಡ. ತಾನು ಸತ್ತರೆ ಇಬ್ಬರಿಗೂ ಬಿಡುಗಡೆ. ಉಳಿದರೆ ನಡುವೆ ತೀರ್ಪು ಹೇಳುವುದು ಕತ್ತಿ. ಸೋತರೆ ರೊಟ್ಟಿ ಈರುಳ್ಳಿಯ ಬದುಕಿಗೆ ಮರಳುವುದು ತನಗೆ ಹೊಸದಲ್ಲ. ದೂತನ ಮೂಲಕ ಅವನು ಕಳುಹಿಸಿದ ಉತ್ತರದ ಸಾರ ಇದು. 879ರ ಜೂನ್ 5ರಂದು ಅವನು ತೀರಿಕೊಂಡ.

ಅವನ ತಮ್ಮ ಅಮ್ರ್ ಖಲೀಫನಿಗೆ ತಲೆಬಾಗಿ ಸನ್ನದು ಪಡೆದ. ಅಣ್ಣ ಒಲ್ಲೆನೆಂದ ಕಾಗದ ತಮ್ಮನನ್ನು ಕಾಯಲಿಲ್ಲ: 900ರಲ್ಲಿ ಬಲ್ಖ್ ಬಳಿ ಸಾಮಾನೀ ದೊರೆ ಇಸ್ಮಾಯಿಲನಿಗೆ ಸೆರೆಸಿಕ್ಕಿ, 902ರಲ್ಲಿ ಬಾಗ್ದಾದಿನಲ್ಲಿ ಕೊಲೆಯಾದ. ಮನೆತನದ ಕುಡಿಗಳು ಸೀಸ್ತಾನದಲ್ಲಿ ಏಳುಬೀಳುಗಳ ನಡುವೆ ಆಳುತ್ತಿದ್ದು, 1003ರಲ್ಲಿ ಘಜ್ನಿಯ ಮಹಮೂದನ ಎದುರು ಸೋತವು. ಆ ಹೊತ್ತಿಗೆ ತೂಸ್ ಪಟ್ಟಣದಲ್ಲಿ ಫಿರ್ದೌಸಿ ಕರ್ನೀನಿನ ಲಾಯದ ಒಡೆಯ ರುಸ್ತುಮನ ಕತೆಯನ್ನು ಪಾರಸಿಯಲ್ಲಿ ಬರೆಯುತ್ತಿದ್ದ. ಕಂಚುಗಾರ ಕದ್ದ ಹಣ, ಗೆದ್ದ ನಾಡು ಎರಡೂ ಪರರ ಪಾಲಾದವು. ಅವನು ಅರ್ಥವಾಗದೆಂದು ಒಪ್ಪಿಕೊಂಡ ದಿನ ಆಸ್ಥಾನದೊಳಗೆ ಕಾಲಿಟ್ಟ ಮಾತು ಅಲ್ಲೇ ಉಳಿಯಿತು.